ವಾರಕ್ಕೆರಡು ದಿನ ಈಸೂರು

ಎಂ.ಎಸ್.ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವವರಿಗೆ ವಾರದಲ್ಲಿ ಎರಡು ದಿನ ಪಾಠ ಇರುವುದಿಲ್ಲ. ಆ ಎರಡು ದಿನ ಆಸ್ಪತ್ರೆಗೋ, ಬಾಲಮಂದಿರಕ್ಕೋ, ಸಾಂತ್ವನ ಕೇಂದ್ರಕ್ಕೋ, ಯಾವುದಾದರೊಂದು ಹಳ್ಳಿಗೋ ಹೋಗಿ ಕೆಲಸ ಮಾಡಬೇಕು. ಸಂಜೆ ಬಂದು ಅಂದಿನ ವರದಿ ಬರೆಯಬೇಕು. ಆಮೇಲೆ ಮೇಲ್ವಿಚಾರಕರ ಎದುರು ಕೂತು, ಬರೆದ ಸಾಲುಗಳಿಗೆ ಉತ್ತರ ಕೊಡಬೇಕು. ಇದರ ಜೊತೆಗೆ ಗ್ರಾಮೀಣ ಶಿಬಿರ, ಕೊನೆಯ ಪರೀಕ್ಷೆ ಮುಗಿದ ಮೇಲೆ ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್. ಅಂಕಪಟ್ಟಿಯಲ್ಲಿ ಇದಕ್ಕೆ ಕ್ಷೇತ್ರಕಾರ್ಯ ಎಂದು ಹೆಸರು. ಈಗಿನವರು ಇಂಟರ್ನ್‌ಶಿಪ್ ಅನ್ನುತ್ತಾರೆ. ಮನೆಯವರನ್ನು ಕೇಳಿದರೆ, "ನಮ್ ಹುಡುಗಿ ಸರ್ವೆ ಮಾಡಾಕ ಹೋಗ್ತಾಳ" ಅನ್ನುತ್ತಾರೆ.

ಮುಂದೆ ಈ ಮಕ್ಕಳು ಸಂಬಳಕ್ಕೆ ಮಾಡುವ ಕೆಲಸವೆಲ್ಲ ಈ ಎರಡು ದಿನಗಳಲ್ಲಿ ಕಲಿತದ್ದರ ಮೇಲೆ ನಿಂತಿರುತ್ತದೆ. ಹಾಗಿದ್ದೂ ಅನೇಕ ಕಡೆ ಇದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುವ ಶಾಸ್ತ್ರವಾಗಿದೆ. ಸಾಧ್ಯವಿದ್ದವರು ಬೆಂಗಳೂರಿನ ಹೆಸರುವಾಸಿ ಸಂಸ್ಥೆಯೊಂದರ ಸರ್ಟಿಫಿಕೇಟ್ ತರುತ್ತಾರೆ, ಆಗದವರು ಹತ್ತಿರದ ಕಚೇರಿಯಲ್ಲಿ ಫೈಲು ಜೋಡಿಸಿ ಬರುತ್ತಾರೆ. ಶಿವಮೊಗ್ಗ ಸೀಮೆಯಲ್ಲಿ ಸಮಾಜಕಾರ್ಯ ಓದುವ ಹುಡುಗ ಹುಡುಗಿಯರಿಗೆ ಈಸೂರಿನಂಥ ಊರು, ಅದರ ಸುತ್ತಲ ಶಿಕಾರಿಪುರ-ಸೊರಬ ತಾಲ್ಲೂಕು, ಆ ಸರ್ಟಿಫಿಕೇಟು, ಆ ಫೈಲು ಎರಡಕ್ಕಿಂತಲೂ ಒಳ್ಳೆಯ ತರಗತಿ ಎಂಬುದು ನನ್ನ ನಂಬಿಕೆ.

ಈ ಓದು ಹುಟ್ಟಿದ್ದೇ ಕ್ಷೇತ್ರದ ಕೆಲಸದಿಂದ. ನಮ್ಮ ದೇಶದಲ್ಲಿ ಸಮಾಜಕಾರ್ಯದ ಮೊದಲ ಶಾಲೆ ತೆರೆದದ್ದು 1936ರಲ್ಲಿ, ಮುಂಬೈಯಲ್ಲಿ. ಸರ್ ದೊರಾಬ್ಜಿ ಟಾಟಾ ಹೆಸರಿನ ಆ ಶಾಲೆಯೇ 1944ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಾಯಿತು. ಅದನ್ನು ಕಟ್ಟಿದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕದ ಪಾದ್ರಿ ಅದಕ್ಕೂ ಮೊದಲೇ ನಾಗಪಾಡದ ಕೂಲಿಕಾರರ ಕೇರಿಯಲ್ಲಿ 'ನೇಬರ್‌ಹುಡ್ ಹೌಸ್' ನಡೆಸುತ್ತಿದ್ದರು. ಕೇರಿಯ ಕೆಲಸ ಮೊದಲು ಬಂತು, ಪಾಠ ಅದರ ಬೆನ್ನಿಗೆ ಬಂತು. ಶಾಲೆ ತೆರೆದ ಅರವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಸಂಸ್ಥೆಯ ಜೆರೂ ಬಿಲಿಮೋರಿಯಾ ಬೀದಿಮಕ್ಕಳ ಜೊತೆ ಮಾಡುತ್ತಿದ್ದ ಕ್ಷೇತ್ರಕಾರ್ಯದಿಂದ 1098 ಎಂಬ ಮಕ್ಕಳ ಸಹಾಯವಾಣಿ ಹುಟ್ಟಿತು. ಇಂದು ಹಳ್ಳಿ ಶಾಲೆಯ ಗೋಡೆಯ ಮೇಲೂ ಆ ಸಂಖ್ಯೆ ಇದೆ. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಲ್ಲಿ ಶುರುವಾಯಿತು. ಮಲೆನಾಡಿನ ಮಕ್ಕಳಿಗೆ ಈಗ ಅಷ್ಟು ದೂರ ಹೋಗಬೇಕಾಗಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೇ ಓದಬಹುದು.

ಇನ್ನು ಈಸೂರು. 'ಏಸೂರ ಕೊಟ್ಟರೂ ಈಸೂರ ಕೊಡೆವು' ಎಂಬ ಘೋಷಣೆ ಕನ್ನಡ ಶಾಲೆ ಓದಿದವರಿಗೆಲ್ಲ ಗೊತ್ತು. 1942ರ ಕ್ವಿಟ್ ಇಂಡಿಯಾ ದಿನಗಳಲ್ಲಿ ಈ ಊರಿನವರು ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಹಾರಿಸಿ, ನಾವು ಸ್ವತಂತ್ರರು ಎಂದು ಸಾರಿಕೊಂಡರು. ಜಯಣ್ಣ ಎಂಬ ಹುಡುಗನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪ ಎಂಬ ಹುಡುಗನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. ಸರ್ಕಾರದ ಅಧಿಕಾರಿಗಳು ಊರೊಳಗೆ ಬರಕೂಡದು ಎಂದರು. ಸೆಪ್ಟೆಂಬರ್ ಕೊನೆಯಲ್ಲಿ ಬಂದ ಅಧಿಕಾರಿಗಳಿಗೂ ಊರಿನವರಿಗೂ ಘರ್ಷಣೆಯಾಗಿ ಸರ್ಕಾರದ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. ಆಮೇಲೆ ಪಡೆಗಳು ಬಂದವು, ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ (ಆ ಹುಡುಗನಲ್ಲ, ಬೇರೊಬ್ಬರು), ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಂಗಸರೂ ಜೈಲು ಕಂಡರು.

ಇತಿಹಾಸದ ಪುಸ್ತಕಕ್ಕೆ ಇಷ್ಟು ಸಾಕು. ಸಮಾಜಕಾರ್ಯದ ವಿದ್ಯಾರ್ಥಿಯ ಪ್ರಶ್ನೆಗಳು ಇಲ್ಲಿಂದ ಮುಂದೆ ಶುರುವಾಗುತ್ತವೆ. ಗಂಡಸರು ಜೈಲಿನಲ್ಲಿದ್ದ ಆ ವರ್ಷ ಹೊಲ ಉತ್ತವರು ಯಾರು? ಗಲ್ಲಿಗೇರಿದವರ ಮನೆಯ ಒಲೆ ಹೇಗೆ ಉರಿಯಿತು? ತಾಯಿ ಜೈಲಿಗೆ ಹೋದ ಮಕ್ಕಳನ್ನು ಸಾಕಿದವರು ಯಾರು? ಕಾಡಿನಿಂದ ಮರಳಿದ ಮೇಲೆ ಒಬ್ಬರ ಮುಖ ಒಬ್ಬರು ಹೇಗೆ ನೋಡಿದರು? ಹುತಾತ್ಮರ ಸ್ಮಾರಕಕ್ಕೆ ಹಾರ ಹಾಕಿ ಹೊರಡುವವರಿಗೆ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ಮೊದಲ ದಿನವೇ ಹೋಗಿ "ನಿಮ್ಮ ತಾತ ಗಲ್ಲಿಗೇರಿದರಂತೆ, ಅದರ ಬಗ್ಗೆ ಎರಡು ಮಾತು ಹೇಳಿ" ಎಂದು ಮೊಬೈಲು ಚಾಚುವವರಿಗಂತೂ ಸಿಗುವುದೇ ಇಲ್ಲ. ಅಂಥ ಮಾತು ಆಡುವವರ ಮನಸ್ಸಿಗೆ ಬಂದಾಗಲೇ ಬರಬೇಕು. ಅಲ್ಲಿಯವರೆಗೆ ಹೋಗಿ ಬಂದು ಮಾಡುತ್ತಿರಬೇಕು.

ಇನ್ನೊಂದು ಸಂಗತಿ. ಸಮುದಾಯ ಸಂಘಟನೆ ಎಂಬ ಪಠ್ಯವಿಷಯದಲ್ಲಿ ನಾವು ಓದುವುದು ಜನರನ್ನು ಒಟ್ಟುಗೂಡಿಸುವುದು ಹೇಗೆ, ಮುಂದಾಳುಗಳನ್ನು ಗುರುತಿಸುವುದು ಹೇಗೆ ಎಂದು. ಈ ಊರಿನವರು ಎಂ.ಎಸ್.ಡಬ್ಲ್ಯೂ ಓದಿದ ಯಾರೂ ಇಲ್ಲದ ಕಾಲದಲ್ಲಿ ತಮ್ಮದೇ ಸರ್ಕಾರ ಮಾಡಿಕೊಂಡು ನೋಡಿದವರು, ಅದರ ಬೆಲೆಯನ್ನೂ ತೆತ್ತವರು. ಇಲ್ಲಿಗೆ 'ಅರಿವು ಮೂಡಿಸಲು' ಬರುತ್ತೇನೆ ಎನ್ನುವ ವಿದ್ಯಾರ್ಥಿ ಮೊದಲು ಆ ಮಾತನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬರಬೇಕು.

ಒಂದು ಮನೆಭೇಟಿಯನ್ನು ಹತ್ತಿರದಿಂದ ನೋಡೋಣ. ಈ ಸೀಮೆಯ ಯಾವ ಹಳ್ಳಿಯಲ್ಲಾದರೂ ನಡೆಯುವಂಥದ್ದು. ವಿದ್ಯಾರ್ಥಿನಿ ಪ್ರಶ್ನಾವಳಿ ಹಿಡಿದು ಜಗಲಿ ಹತ್ತುತ್ತಾಳೆ. ಅಜ್ಜಿ ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದಾರೆ.

"ಅಜ್ಜಿ, ನಿಮ್ಮ ಮನೆಯ ವಾರ್ಷಿಕ ಆದಾಯ ಎಷ್ಟು?"

"ಯಾಕವ್ವ, ರೇಷನ್ ಕಾರ್ಡು ಕಿತ್ಕಳಾಕ ಬಂದೀಯೇನು?"

ಅಲ್ಲಿಗೆ ಭೇಟಿ ಮುಗಿಯಿತು ಎಂದುಕೊಂಡು ಎದ್ದು ಹೋಗುವವರಿದ್ದಾರೆ. ಪ್ರಶ್ನಾವಳಿ ಮಡಚಿಟ್ಟು ಮೊರದ ಇನ್ನೊಂದು ಬದಿಗೆ ಕೂರುವವರೂ ಇದ್ದಾರೆ. ಕೂತರೆ ಮಾತು ಬರುತ್ತದೆ. ಮಳೆ, ಮೆಕ್ಕೆಜೋಳದ ರೇಟು, ಸೊಸೆಯ ಬಾಣಂತನ. ಕೊನೆಗೆ ಅಜ್ಜಿಯೇ ಹೇಳುತ್ತಾರೆ: "ಪಿಂಚಣಿ ಬಂದು ನಾಕು ತಿಂಗಳಾತು. ಹೆಬ್ಬೆಟ್ಟು ಒತ್ತಿದ್ರ ಮಿಷನ್ ತಗಳಂಗಿಲ್ಲ. ಬ್ಯಾಂಕಿನ್ಯಾಗ ಕೇಳಿದ್ರ ಬಂದಿಲ್ಲ ಅಂತಾರ, ನಾಡ ಕಚೇರ್ಯಾಗ ಕೇಳಿದ್ರ ಹೋಗೇತಿ ಅಂತಾರ."

ಎರಡೂ ನಿಜ ಇರಬಹುದು. ಸರ್ಕಾರದ ನೇರ ನಗದು ಹೋಗುವುದು ಆಧಾರ್ ಸಂಖ್ಯೆಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಅಜ್ಜಿ ಯಾವಾಗಲೋ ಸಂಘದ ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಆಧಾರ್ ಕೊಟ್ಟಿದ್ದರೆ, ದುಡ್ಡು ಆ ಖಾತೆಗೆ ಹೋಗಿ ಸುಮ್ಮನೆ ಕೂತಿರುತ್ತದೆ. ಹಳೆಯ ಪಾಸ್‌ಬುಕ್ ಹಿಡಿದು ಎಷ್ಟು ಸಲ ಬ್ಯಾಂಕಿಗೆ ಅಲೆದರೂ ಅದರಲ್ಲಿ ಎಂಟ್ರಿ ಬರುವುದಿಲ್ಲ. ಇನ್ನು ಹೆಬ್ಬೆರಳು: ವರ್ಷಗಟ್ಟಲೆ ಕಳೆ ಕಿತ್ತ, ಬೂದಿಯಲ್ಲಿ ಪಾತ್ರೆ ಉಜ್ಜಿದ ಬೆರಳಿನ ಗೆರೆ ಸವೆದು ಹೋಗಿರುತ್ತದೆ, ಯಂತ್ರ ಗುರುತು ಹಿಡಿಯುವುದಿಲ್ಲ. ಹುಡುಗಿ ಅಜ್ಜಿಯ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿಸಿ, ಆ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ, ಅರ್ಜಿ ಬರೆದುಕೊಟ್ಟರೆ ಒಂದು ಕೆಲಸವಾಯಿತು. ಆ ಅರ್ಜಿಯನ್ನು ಅಜ್ಜಿಗೆ ಓದಿ ಹೇಳಿ, ಅವರು ಒಪ್ಪಿದ ಮೇಲೆ ಕೊಟ್ಟರೆ ಸಮಾಜಕಾರ್ಯವಾಯಿತು. ಮುಂದಿನ ಸಲ ಅಜ್ಜಿಯೇ ಪಕ್ಕದ ಮನೆಯವರಿಗೆ, "ಯಾವ ಬ್ಯಾಂಕಿಗೆ ಆಧಾರ್ ಕೊಟ್ಟೀ, ನೋಡ್ಕಾ ಮೊದ್ಲು" ಎಂದು ಹೇಳುವಂತಾದರೆ ಅದೇ ಸಮುದಾಯ ಸಂಘಟನೆ.

ಅಂದಿನ ವರದಿಯನ್ನು ಹೆಚ್ಚಿನವರು ಹೀಗೆ ಬರೆಯುತ್ತಾರೆ: 'ಇಂದು ಗ್ರಾಮಕ್ಕೆ ಭೇಟಿ ನೀಡಿ, ಫಲಾನುಭವಿಯೊಬ್ಬರೊಂದಿಗೆ ಸಮಾಲೋಚನೆ ನಡೆಸಿ, ಸರ್ಕಾರದ ಯೋಜನೆಗಳ ಬಗ್ಗೆ ಅರಿವು ಮೂಡಿಸಲಾಯಿತು.' ಈ ವಾಕ್ಯವನ್ನು ಊರಿಗೆ ಹೋಗದೆಯೂ ಬರೆಯಬಹುದು. ಬರೆಯಬೇಕಾದದ್ದು ಹೀಗೆ: 'ಪಾಸ್‌ಬುಕ್ ತೋರಿಸಿದರು. ನಾಲ್ಕು ತಿಂಗಳಿಂದ ಎಂಟ್ರಿ ಇಲ್ಲ. ಇನ್ನೊಂದು ಬ್ಯಾಂಕಿನ ಖಾತೆ ಇದೆಯೇ ಎಂದಾಗ ಮೊದಲು ಇಲ್ಲ ಎಂದರು, ಆಮೇಲೆ ಸಂಘದ್ದು ನೆನಪಾಯಿತು. ಮಗನ ಮಾತು ಬಂದಾಗ ಎದ್ದು ಒಳಗೆ ಹೋದರು. ನಾನು ಮತ್ತೆ ಕೇಳಲಿಲ್ಲ. ಕೇಳಬೇಕಿತ್ತೇ ಎಂದು ಮೇಲ್ವಿಚಾರಕರನ್ನು ವಿಚಾರಿಸಬೇಕು.' ಏನು ಕಂಡಿತು, ಯಾರು ಏನಂದರು, ನನಗೇನನ್ನಿಸಿತು, ಈ ಮೂರನ್ನು ಒಂದರೊಳಗೊಂದು ಕಲಸದೆ ಬರೆಯುವುದು ದೊಡ್ಡ ವಿದ್ಯೆ. ಬಾಲನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಬರೆಯುವ ಪರಿವೀಕ್ಷಣಾಧಿಕಾರಿಗೂ, ಆಸ್ಪತ್ರೆಯಲ್ಲಿ ರೋಗಿಯ ಮನೆತನದ ಹಿನ್ನೆಲೆ ಬರೆಯುವವರಿಗೂ ಬೇಕಾಗುವುದು ಇದೇ. ಹದಿನಾರರ ಹುಡುಗನೊಬ್ಬ ಮನೆಗೆ ಹೋಗಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ಆ ವರದಿಯ ಒಂದು ಸಾಲು ಕಾರಣವಾಗಬಲ್ಲದು.

ಗ್ರಾಮೀಣ ಶಿಬಿರಗಳಲ್ಲಿ ಊರಿನ ನಕ್ಷೆ ಬಿಡಿಸುವ ಚಟುವಟಿಕೆ ಸಾಮಾನ್ಯ. ಅಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ ಅವರು ಜನಪ್ರಿಯಗೊಳಿಸಿದ ಈ ಸಹಭಾಗಿ ಸಮೀಕ್ಷೆಯನ್ನು ನಮ್ಮಲ್ಲಿ ಬೆಳೆಸಿದ್ದು ಮೈರಾಡದಂಥ ಕರ್ನಾಟಕದ ಸಂಸ್ಥೆಗಳು. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಹುಣಸೆಬೀಜ ಇಟ್ಟು ನಿಮ್ಮೂರು ಬಿಡಿಸಿ ಎಂದರೆ ಗಂಡಸರು ಮೊದಲು ಡಾಂಬರು ರಸ್ತೆ, ಗುಡಿ, ಪಂಚಾಯ್ತಿ ಕಟ್ಟೆ ಹಾಕುತ್ತಾರೆ. ಹೆಂಗಸರು ನಲ್ಲಿ, ನ್ಯಾಯಬೆಲೆ ಅಂಗಡಿ, ಸೌದೆ ತರುವ ದಾರಿ ಹಾಕುತ್ತಾರೆ. ಸಾರಾಯಿ ಸಿಗುವ ಗೂಡಂಗಡಿಯನ್ನು ತೋರಿಸುವುದೂ ಹೆಂಗಸರೇ. ಹೆಂಗಸರು ಒಬ್ಬರೇ ನಡೆಯಲು ಹೆದರುವ ತಿರುವು ಅವರ ನಕ್ಷೆಯಲ್ಲಿ ಮಾತ್ರ ಇರುತ್ತದೆ. ಒಂದೇ ಊರಿನ ಈ ಎರಡು ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ಗ್ರಾಮಸಭೆಯಲ್ಲಿ ತೋರಿಸಿದರೆ ಬೀದಿದೀಪ ಎಲ್ಲಿ ಬೇಕು ಎಂದು ಭಾಷಣ ಮಾಡಬೇಕಾಗಿಲ್ಲ. ದುಃಖದ ಸಂಗತಿಯೆಂದರೆ, ಅನೇಕ ಶಿಬಿರಗಳಲ್ಲಿ ಆ ನಕ್ಷೆಯ ಫೋಟೋ ಕಾಲೇಜಿಗೆ ಹೋಗುತ್ತದೆ, ಊರಿಗೆ ಒಂದು ಪ್ರತಿಯೂ ಉಳಿಯುವುದಿಲ್ಲ.

ಶಿಕಾರಿಪುರ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇಲ್ಲಿಂದ ದೂರವಲ್ಲ. ತಾಂಡಾಕ್ಕೆ ಹೋಗುವ ವಿದ್ಯಾರ್ಥಿ ನಾಯಕ, ಡಾವ, ಕಾರಭಾರಿ ಮೂವರನ್ನು ಕಂಡು ಮಾತಾಡದೆ ಮನೆ ಮನೆ ಸುತ್ತತೊಡಗಿದರೆ ಅವನ ಕೆಲಸ ಅಲ್ಲೇ ಕೆಡುತ್ತದೆ. ಹಾಗೆಂದು ಆ ಮೂವರ ಮಾತೇ ತಾಂಡಾದ ಮಾತು ಎಂದುಕೊಂಡರೂ ಕೆಡುತ್ತದೆ. ಕಾಫಿ ಕೊಯ್ಲಿನ ಕಾಲಕ್ಕೆ ಅಪ್ಪ ಅಮ್ಮ ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ ಹೋದರೆ ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ, ಇಲ್ಲವೇ ಜೊತೆಗೇ ಹೋಗಿ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಹಾಜರಿ ಪುಸ್ತಕದಲ್ಲಿ ಅದು 'ಗೈರು'. ವಾರಕ್ಕೆರಡು ದಿನ ಬರುವ ವಿದ್ಯಾರ್ಥಿಗೆ ಮಾತ್ರ ಆ ಗೈರಿನ ಹಿಂದಿನ ಕಾರಣ ತಿಳಿಯಲು ಸಾಧ್ಯ. ಮೇಷ್ಟ್ರಿಗೂ ತಾಯಿಗೂ ನಡುವೆ ನಿಂತು ಹಾಸ್ಟೆಲ್ ಸೀಟಿನ ದಾರಿ ಹುಡುಕುವುದೂ ಆಗ ಸಾಧ್ಯ.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಮಾತು ಎಲ್ಲಿ ಶುರುವಾದರೂ ಭೂಮಿಗೆ ಬಂದು ನಿಲ್ಲುತ್ತದೆ. ಬಗರ್‌ಹುಕುಂ ಸಾಗುವಳಿ, ಅದರ ಸಕ್ರಮಕ್ಕೆ ಹಾಕಿದ ನಮೂನೆ 57ರ ಅರ್ಜಿ, ಅರಣ್ಯ ಇಲಾಖೆಯ ನೋಟಿಸು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿಯಲ್ಲಿರುವ ಬುಡಕಟ್ಟಿನವರು ಅರ್ಜಿ ಹಾಕಬಹುದು. ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವುದರಿಂದ ಅವರಿಗೂ, ಇಲ್ಲಿನ ಇತರ ಸಾಗುವಳಿದಾರರಿಗೂ ಈ 75 ವರ್ಷದ ಷರತ್ತು ಅನ್ವಯಿಸುತ್ತದೆ. ಅಷ್ಟು ಹಳೆಯ ಕಾಗದ ಬಡವರ ಟ್ರಂಕಿನಲ್ಲಿ ಎಲ್ಲಿಂದ ಬರಬೇಕು?

ಕಾಯ್ದೆಯ ನಿಯಮಗಳಲ್ಲಿ ಒಂದು ದಾರಿ ಇದೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಕೊಡಬಹುದು. ಹಳೆಯ ಬಾವಿ, ಸಮಾಧಿ, ದೇವರ ಬನ, ಮನೆಯ ಅಡಿಪಾಯದ ಕಲ್ಲು ಕೂಡ ಸಾಕ್ಷ್ಯ. ಹಿರಿಯರ ಹೇಳಿಕೆ ಬರೆದುಕೊಳ್ಳುವುದು ಕ್ಷೇತ್ರಕಾರ್ಯದಲ್ಲಿ ಕಿವಿ ಪಳಗಿದ ವಿದ್ಯಾರ್ಥಿ ಚೆನ್ನಾಗಿ ಮಾಡಬಲ್ಲ ಕೆಲಸ. "ದೊಡ್ಡ ಬರ ಬಂದಿತ್ತಲ್ಲ, ಅವತ್ತು ನಮ್ಮಪ್ಪ ಈ ಬಾವಿ ತೋಡಿಸಿದ್ದ" ಎಂದು ಹಿರಿಯರೊಬ್ಬರು ಅಂದಾಗ, ಆ ಬರ ಯಾವ ವರ್ಷದ್ದು, ಆಗ ಅವರಿಗೆ ಎಷ್ಟು ವಯಸ್ಸು, ಬಾವಿ ಈಗ ಎಲ್ಲಿದೆ ಎಂದು ತಾಳ್ಮೆಯಿಂದ ಕೇಳಿ, ಅವರ ಮಾತಿನಲ್ಲೇ ಬರೆದು, ಓದಿ ಹೇಳಿ ಸಹಿ ಹಾಕಿಸಿದರೆ ಅದು ಅರಣ್ಯ ಹಕ್ಕು ಸಮಿತಿಯ ಮುಂದೆ ಇಡಬಹುದಾದ ದಾಖಲೆ. ಕೇಳಿಸಿಕೊಳ್ಳುವುದನ್ನು 'ಸಾಫ್ಟ್ ಸ್ಕಿಲ್' ಎಂದು ಬದಿಗಿಡುವವರು ಇದನ್ನು ನೋಡಬೇಕು. ಒಂದು ಕುಟುಂಬದ ಎರಡು ಎಕರೆ ಅದರ ಮೇಲೆ ನಿಂತಿರುತ್ತದೆ.

ಸೊರಬ ತಾಲ್ಲೂಕಿನ ಎರಡು ಹೆಸರುಗಳು ಪ್ರತಿ ಸಮಾಜಕಾರ್ಯ ತರಗತಿಯಲ್ಲೂ ಪಾಠವಾಗಬೇಕು. ಒಂದು ಕ್ಯಾಸನೂರು. 1957ರಲ್ಲಿ ಈ ಊರಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದಾಗ ಪತ್ತೆಯಾದ ಜ್ವರಕ್ಕೆ ಜಗತ್ತಿನ ವೈದ್ಯಪುಸ್ತಕಗಳಲ್ಲಿ ಇದೇ ಊರಿನ ಹೆಸರಿದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಬೇಸಿಗೆಯಲ್ಲಿ ಜೋರು. ಸೌದೆಗೆ, ದರಗು ಗುಡಿಸಲು ಕಾಡಿಗೆ ಹೋಗುವವರಿಗೇ ಅಪಾಯ ಹೆಚ್ಚು. 'ಕಾಡಿಗೆ ಹೋಗಬೇಡಿ' ಎಂದು ಕರಪತ್ರ ಹಂಚುವುದು ಸುಲಭ. ಹೋಗದಿದ್ದರೆ ಅವರ ಒಲೆಗೆ, ಕೊಟ್ಟಿಗೆಗೆ, ಕೂಲಿಗೆ ಏನು ದಾರಿ ಎಂದು ಕೇಳದೆ ಹಂಚಿದ ಕರಪತ್ರ ಯಾರನ್ನೂ ಕಾಪಾಡುವುದಿಲ್ಲ. ಹೋಗುವ ಮುನ್ನ ಮೈಗೆ ತೈಲ ಹಚ್ಚುವುದು, ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ ಹಾಕುವುದು, ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸುವುದು. ಇವನ್ನು ಮನೆಯ ಜಗಲಿಯಲ್ಲಿ ಕೂತು ಹೇಳುವವರು ಬೇಕು.

ಇನ್ನೊಂದು ಚಂದ್ರಗುತ್ತಿ. 1986ರ ಮಾರ್ಚ್‌ನಲ್ಲಿ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದವರ ಮೇಲೆ ಗುಂಪು ತಿರುಗಿಬಿತ್ತು. ಮಹಿಳಾ ಪೊಲೀಸರನ್ನೂ ಬಿಡದೆ ವಿವಸ್ತ್ರಗೊಳಿಸಿದರು. ಆಮೇಲೆ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಬಡ ದಲಿತ, ಹಿಂದುಳಿದ ಹೆಣ್ಣುಮಕ್ಕಳ ಮೈಯನ್ನು ಹರಕೆಗೆ ಒಡ್ಡುತ್ತಿದ್ದ ಆ ಪದ್ಧತಿ ಹೋಗಲೇಬೇಕಿತ್ತು, ಅದನ್ನು ಎದುರಿಸಿದ ಹೋರಾಟಗಾರರ ಧೈರ್ಯ ದೊಡ್ಡದು. ಸಮಾಜಕಾರ್ಯದ ವಿದ್ಯಾರ್ಥಿ ಅದರ ಜೊತೆಗೆ ಇನ್ನೊಂದನ್ನೂ ಯೋಚಿಸಬೇಕು. ಆ ಹರಕೆ ಹೊತ್ತ ಹೆಂಗಸಿನ ಮನೆಯಲ್ಲಿ ಯಾವ ಕಾಯಿಲೆ ಇತ್ತು, ಯಾವ ಹೆದರಿಕೆ ಇತ್ತು, ಜಾತ್ರೆಗೆ ಹೊರಡುವ ಮುಂಚೆ ಅವಳ ಊರಿನಲ್ಲಿ ಅವಳೊಡನೆ ವರ್ಷಗಟ್ಟಲೆ ಮಾತಾಡಿದವರು ಯಾರಿದ್ದರು? ಕಾನೂನು ಜಾತ್ರೆಯ ದಿನ ಕೆಲಸ ಮಾಡುತ್ತದೆ. ಉಳಿದ ದಿನಗಳ ಕೆಲಸ ಯಾರದು ಎಂಬುದೇ ಈ ವೃತ್ತಿಯ ಪ್ರಶ್ನೆ.

ಕಾನೂನಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಗೋಪ್ಯ ಕಾಪಾಡುವುದು ಸಮಾಜಕಾರ್ಯದ ಮೊದಲ ನೀತಿಗಳಲ್ಲಿ ಒಂದು. ಶಾಲೆಯಲ್ಲಿ ಮಗುವೊಂದು "ಅಕ್ಕಾ, ಯಾರಿಗೂ ಹೇಳಬೇಡಿ" ಎಂದು ಶುರುಮಾಡಿದರೆ ತರಬೇತಿಯ ಹುಡುಗಿ ಥಟ್ಟನೆ "ಹೇಳಲ್ಲ ಪುಟ್ಟಾ" ಎಂದುಬಿಡುತ್ತಾಳೆ. ಹಾಗೆ ಮಾತು ಕೊಡಬಾರದು. 2012ರ ಪೋಕ್ಸೊ ಕಾಯ್ದೆಯಡಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಎನ್ನುವುದು ಸತ್ಯವಾದ ಮಾತು, ಮಗುವಿಗೆ ಅಷ್ಟು ಸತ್ಯ ಹೇಳಿರಬೇಕು. ಬಾಲ್ಯವಿವಾಹದ ಸುಳಿವು ಸಿಕ್ಕಾಗಲೂ ಹಾಗೆಯೇ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. 1098ಕ್ಕೆ ಕರೆ ಮಾಡುವುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸುವುದು ವಿದ್ಯಾರ್ಥಿಯ ಕರ್ತವ್ಯ. ಆದರೆ ಮೇಲ್ವಿಚಾರಕರಿಗೆ ಹೇಳದೆ ಒಬ್ಬರೇ ಮದುವೆ ಮನೆಗೆ ನುಗ್ಗುವ ಸಾಹಸ ಬೇಡ. ಆಮೇಲೂ ಆ ಊರಿಗೆ ಬಂದು ಹೋಗಬೇಕಾದವರು ನೀವು, ಆ ಹುಡುಗಿಯ ಪರವಾಗಿ ನಿಲ್ಲಬೇಕಾದವರೂ ನೀವು.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾನಸಿಕ ಚಿಕಿತ್ಸೆ ಕೊಡಿಸಿ ನೋಡಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿಯಲ್ಲಿ ಮಾಟ, ಗಾಳಿ ಎಂದು ಅಲೆದು ದಣಿದ ಮನೆಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಸಿಗುತ್ತದೆ, ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು ಎಂದು ತಿಳಿಸುವುದೇ ದೊಡ್ಡ ಸಹಾಯ.

ಇನ್ನು ನೌಕರಿ. ತಂದೆ ತಾಯಿ ಕೇಳುವ ಪ್ರಶ್ನೆಯೂ ಅದೇ: ಇದನ್ನು ಓದಿದರೆ ಏನು ಸಿಗುತ್ತದೆ? ಸಿಗುವುದು ಕಡಿಮೆಯೇನಲ್ಲ. ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ಸಖಿ ಕೇಂದ್ರ, ಸಾಂತ್ವನ ಕೇಂದ್ರ, ಆಸ್ಪತ್ರೆಯ ಎಚ್‌ಐವಿ ಪರೀಕ್ಷಾ ಕೇಂದ್ರದ (ಐಸಿಟಿಸಿ) ಆಪ್ತಸಮಾಲೋಚಕರ ಹುದ್ದೆ, ಸಂಜೀವಿನಿಯ ತಾಲ್ಲೂಕು ಘಟಕ, ಸ್ವಯಂಸೇವಾ ಸಂಸ್ಥೆಗಳು. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆ ಕಲ್ಯಾಣಾಧಿಕಾರಿಯನ್ನು ಇಟ್ಟುಕೊಳ್ಳಬೇಕಾಗಿತ್ತು. ಎಂ.ಎಸ್.ಡಬ್ಲ್ಯೂ ಮಾಡಿದವರು ಎಚ್.ಆರ್. ಕಡೆ ಹೋದದ್ದು ಹೀಗೆ. 2013ರ ಕಂಪನಿ ಕಾಯ್ದೆಯ ನಂತರ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕಾದ್ದರಿಂದ ಅಲ್ಲೂ ಕೆಲಸ ಹುಟ್ಟಿದೆ. ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಹೋಗುವವರಿಗೆ ಎಂ.ಎಸ್.ಡಬ್ಲ್ಯೂ ಮೇಲೆ ಎರಡು ವರ್ಷದ ಎಂ.ಫಿಲ್. ಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ.

ಕಷ್ಟವನ್ನೂ ಮುಚ್ಚಿಡಬಾರದು. ಈ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ಗೌರವಧನ ತಡವಾಗುತ್ತದೆ, ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ವಕೀಲರಿಗೆ, ದಾದಿಯರಿಗೆ ಇರುವಂತೆ ಸಮಾಜಕಾರ್ಯಕ್ಕೆಂದೇ ಒಂದು ರಾಷ್ಟ್ರೀಯ ಪರಿಷತ್ತು ಇಲ್ಲ. ಆಸ್ಪತ್ರೆಯ, ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು 2021ರ ಆರೋಗ್ಯ ವೃತ್ತಿಗಳ ಕಾಯ್ದೆ ಒಳಗೊಂಡಿದೆ, ಉಳಿದವರು ಹೊರಗೇ ಇದ್ದಾರೆ. ಎರಡು ವರ್ಷ ಊರೂರು ಸುತ್ತಿ ಕಲಿತವರಿಗೂ ಏನೂ ಕಲಿಯದವರಿಗೂ ಒಂದೇ ಅರ್ಹತೆ ಎಂದು ಜಾಹೀರಾತು ಹೊರಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಅಂಥ ಪೈಪೋಟಿಯಲ್ಲಿ ಕೈಹಿಡಿಯುವುದು ಕ್ಷೇತ್ರಕಾರ್ಯದ ಸತ್ವವೇ. ಸಂದರ್ಶನದಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ನೀವು ನಿಭಾಯಿಸಿದ ಒಂದು ಪ್ರಕರಣ ಹೇಳಿ. ಸಂಸ್ಥೆಯ ಧ್ಯೇಯೋದ್ದೇಶ ಬಾಯಿಪಾಠ ಮಾಡಿದವರು ಇಲ್ಲಿ ತಡವರಿಸುತ್ತಾರೆ. ಅಜ್ಜಿಯ ಪಿಂಚಣಿ ಯಾವ ಖಾತೆಯಲ್ಲಿತ್ತು ಎಂದು ಹುಡುಕಿದವಳು ತಡವರಿಸುವುದಿಲ್ಲ. ಬಯೋಡೇಟಾದಲ್ಲಿ 'ಇಂತಿಂಥ ಸಂಸ್ಥೆಗೆ ಭೇಟಿ' ಎಂಬ ಪಟ್ಟಿಗಿಂತ 'ಪಿಂಚಣಿ ನಿಂತ ಹಿರಿಯರ ಆಧಾರ್ ಜೋಡಣೆ ಪರಿಶೀಲಿಸಿ ಅರ್ಜಿ ಹಾಕಿಸಿದೆ, ಸಕಾಲ ಸಂಖ್ಯೆ ಹಿಡಿದು ಬೆನ್ನುಹತ್ತಿದೆ' ಎಂಬ ಒಂದು ಸಾಲಿಗೆ ತೂಕ ಹೆಚ್ಚು. ಹೆಸರುಗಳನ್ನು ಮಾತ್ರ ಬಯೋಡೇಟಾದಲ್ಲೂ ಸಂದರ್ಶನದಲ್ಲೂ ಹೇಳಬಾರದು.

ಇದರೊಟ್ಟಿಗೆ ಕೆಲವು ಸಣ್ಣ ವಿದ್ಯೆಗಳು. ಪಹಣಿ ಓದಲು ಬರಬೇಕು. ತಪ್ಪಿಲ್ಲದ ಕನ್ನಡದಲ್ಲಿ ಒಂದು ಪುಟದ ಅರ್ಜಿ, ಒಂದು ಸಭೆಯ ನಡಾವಳಿ ಬರೆಯಲು ಬರಬೇಕು. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಬರಬೇಕು. ಸೇವೆ ತಡವಾದರೆ ಸಕಾಲದಡಿ ಮೇಲ್ಮನವಿ ಯಾರಿಗೆ, ಮಾಹಿತಿ ಹಕ್ಕಿನ ಅರ್ಜಿ ಹೇಗೆ ಎಂದು ಗೊತ್ತಿರಬೇಕು. ಪಿ.ಡಿ.ಒ., ಗ್ರಾಮ ಆಡಳಿತಾಧಿಕಾರಿ, ಅಂಗನವಾಡಿ ಕಾರ್ಯಕರ್ತೆ, ಅಂಗವಿಕಲರಿಗಾಗಿ ಪಂಚಾಯ್ತಿಯಲ್ಲಿರುವ ವಿ.ಆರ್.ಡಬ್ಲ್ಯೂ, ಇವರಲ್ಲಿ ಯಾವ ಕೆಲಸ ಯಾರದು ಎಂದು ತಿಳಿದಿರಬೇಕು. ಇವು ಯಾವ ಪಠ್ಯದಲ್ಲೂ ಪೂರ್ತಿ ಇಲ್ಲ. ಒಂದು ಪಂಚಾಯ್ತಿ ಕಚೇರಿಯ ಬೆಂಚಿನ ಮೇಲೆ ಒಂದು ಸೆಮಿಸ್ಟರ್ ಕೂತವರಿಗೆ ಬರುತ್ತವೆ.

ಆದ್ದರಿಂದ ಕಾಲೇಜುಗಳಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ವರ್ಷ ಹೊಸ ಹಳ್ಳಿ, ಹೊಸ ಬ್ಯಾನರ್, ಹೊಸ ಶಿಬಿರ ಬೇಡ. ಈಸೂರಿನಂಥ ಒಂದು ಊರನ್ನು, ಅದರ ಸುತ್ತಲ ತಾಂಡಾಗಳನ್ನು ಐದು ವರ್ಷಕ್ಕಾದರೂ ನಿಮ್ಮದು ಮಾಡಿಕೊಳ್ಳಿ. ಈ ವರ್ಷದ ವಿದ್ಯಾರ್ಥಿಗಳು ಬಿಟ್ಟ ಕೆಲಸವನ್ನು ಮುಂದಿನ ವರ್ಷದವರು ಹಿಡಿಯಲಿ. ಬಿಡಿಸಿದ ನಕ್ಷೆ, ಮಾಡಿದ ಸಮೀಕ್ಷೆಯ ಒಂದು ಪ್ರತಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯದಲ್ಲಿರಲಿ. ಹುಡುಗಿಯರಿಗೆ ಶಕ್ತಿ ಯೋಜನೆಯ ಸರ್ಕಾರಿ ಬಸ್ಸಾದರೂ ಇದೆ, ಖಾಸಗಿ ಬಸ್ಸೇ ಗತಿಯಾದ ಹಳ್ಳಿಗಳಿಗೆ ಹೋಗುವವರಿಗೆ, ಹುಡುಗರಿಗೆ ಬಸ್ ಚಾರ್ಜನ್ನಾದರೂ ಕೊಡಿ. ಮಧ್ಯಾಹ್ನದ ಊಟಕ್ಕೆ ಬಡ ಮಕ್ಕಳು ಊರಿನವರ ಮುಖ ನೋಡುವಂತೆ ಆಗಬಾರದು. ಮೇಲ್ವಿಚಾರಕರು ಸೆಮಿಸ್ಟರಿನಲ್ಲಿ ಒಂದೆರಡು ಸಲವಾದರೂ ವಿದ್ಯಾರ್ಥಿಯ ಜೊತೆ ಅದೇ ಜಗಲಿಯಲ್ಲಿ ಕೂರಲಿ.

ವಿದ್ಯಾರ್ಥಿಗಳಲ್ಲಿ ಒಂದು ಮಾತು. ಮುಂದಿನ ಸೆಮಿಸ್ಟರಿಗೆ ಎಲ್ಲಿಗೆ ಹೋಗುತ್ತೀರಿ ಎಂದು ಕಾಲೇಜಿನಲ್ಲಿ ಕೇಳಿದಾಗ ನಿಮ್ಮ ತಾಲ್ಲೂಕಿನ ಊರೊಂದರ ಹೆಸರು ಬರೆದು ಕೊಡಿ. ಅಲ್ಲಿನ ಗ್ರಾಮಸಭೆಯ ದಿನಾಂಕವನ್ನು ಪಂಚಾಯ್ತಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ, ಆ ದಿನ ತಪ್ಪದೆ ಹೋಗಿ, ಕೊನೆಯ ಅರ್ಜಿ ಓದುವವರೆಗೆ ಕೂತಿರಿ.